ಕರಾ-ಚಿಯ್ ತೂಬು ಇಳಿದ ಗುರುವಾರ

ಕಾಲುವೆ ಕಚೇರಿಯ ಕಂಪ್ಯೂಟರ್ ಹಳೆಯದು. ಮೂಲೆ ಒಡೆದಿತ್ತು, ಮೇಲೆ ಯಾರೋ ಬಿಸಿ ಚಹಾದ ಬಟ್ಟಲಿಟ್ಟು ಉಂಗುರ ಮೂಡಿಸಿದ್ದರು. ಆದರೆ ಅದರೊಳಗೆ ಓಡುತ್ತಿದ್ದ ಪ್ರೋಗ್ರಾಮಿಗೆ ಒಂದು ಒಳ್ಳೆಯ ಗುಣವಿತ್ತು: ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು. ಪರದೆಯ ಮೇಲೆ ಕರಿ ಕಿಟಕಿಯೊಂದನ್ನು ತೆರೆದು, ಈಗ ನೀರಿನ ಮಟ್ಟ ಎಷ್ಟು ಎಂದು ಒಂದು ಸಾಲು ಬರೆದರೆ ಕೆಳಗಿನ ಸಾಲಿನಲ್ಲಿ ಉತ್ತರ ಬರುತ್ತಿತ್ತು. ನೀನು ಯಾವ ನಿಯಮದಂತೆ ತೂಬು ಏರಿಸಿ ಇಳಿಸುತ್ತೀಯ, ತೋರಿಸು ಎಂದರೆ ಆ ನಿಯಮವನ್ನು ಅಕ್ಷರ ಬಿಡದೆ ತೋರಿಸುತ್ತಿತ್ತು. ಇಷ್ಟೆಲ್ಲ ಮಾಡುವಾಗಲೂ ಅದರ ಕೆಲಸ ನಿಲ್ಲುತ್ತಿರಲಿಲ್ಲ. ಒಂದು ಕಡೆ ಮಾತು, ಇನ್ನೊಂದು ಕಡೆ ತೂಬು.

ಅದನ್ನು ಬರೆದವಳು ಕಿರ್ಗಿಜ್ ನಾಡಿನ ತಲಾಸ್ ಪಟ್ಟಣದ ಕನಿಶಾಯ್. ಮೂವತ್ತು ದಾಟಿದವಳು, ಮದುವೆಯ ಮಾತು ತೆಗೆದ ಚಿಕ್ಕಮ್ಮಂದಿರಿಗೆಲ್ಲ, "ಇಷ್ಟು ನೆಟ್ಟಗೆ ಉತ್ತರ ಕೊಡೋ ಗಂಡಸು ಸಿಕ್ರೆ ನಾಳೆನೇ ಆಗ್ತೀನಿ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಜುಲೈ ತಿಂಗಳ ನಡುವೆ ಅವಳಿಗೆ ಉಲ್ಕಾನ್ ಎಜೆಯ ಫೋನು ಬಂತು. ಎಜೆ ಅಂದರೆ ಅಕ್ಕ; ಆಕೆ ಆ ಕಾಲುವೆಯ ನೀರು ಬಳಕೆದಾರರ ಸಂಘದ ಅಧ್ಯಕ್ಷೆ. ಫೋನಿನಲ್ಲಿ ಮಾತಾಡುವಾಗಲೂ ಕಾಲುವೆಯ ಆಚೆ ದಡದವರನ್ನು ಕೂಗುವ ಹಾಗೆ ಮಾತಾಡುವ ಹೆಂಗಸು.

"ಕನಿಶಾಯ್, ಆ ತೂಬನ್ನ ನಿನ್ನ ಪೆಟ್ಟಿಗೆ ಇಳಿಸ್ತೋ, ಇಲ್ಲ ನಮ್ಮ ಸಾತಿಬಾಲ್ದಿ ಇಳಿಸಿದ್ನೋ? ಎರಡ್ರಲ್ಲಿ ಒಂದು ಹೇಳು. ಇಲ್ಲಿ ಎರಡು ಊರು ಗುದ್ದಲಿ ಹಿಡ್ಕೊಂಡು ನಿಂತಿವೆ."

"ಯಾವ ತೂಬು ಎಜೆ?"

"ಮೊದಲು ಬಾ. ಬಂದ್ಮೇಲೆ ತೂಬಿನ ಹೆಸರು ಹೇಳ್ತೀನಿ."

ವಿಷಯ ಇಷ್ಟು. ಬೆಟ್ಟದಿಂದ ಇಳಿದ ಕಾಲುವೆ ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಹತ್ತಿರದ ಬೆಶ್-ತೆರೆಕ್‌ಗೆ, ಇನ್ನೊಂದು ಕೆಳಗಿನ ಕರಾ-ಚಿಯ್‌ಗೆ. ಒಂದೊಂದಕ್ಕೂ ಒಂದೊಂದು ತೂಬು, ಒಂದೊಂದು ಮೋಟಾರು. ಮೋಟಾರು ಕೆಟ್ಟರೆ ತಿರುಗಿಸಲು ಕೈಚಕ್ರ. ಕಣಿವೆಯ ಉಳಿದವರಂತೆ ಈ ಎರಡೂ ಊರು ಬೆಳೆಯುವುದು ಬೀನ್ಸ್ ಕಾಳು. ಹೂವಿನ ಹೊತ್ತಿನಲ್ಲಿ ನೀರು ತಪ್ಪಿದರೆ ಬೀನ್ಸ್ ಗಿಡ ಮುನಿಸಿಕೊಂಡ ಸೊಸೆಯಂತೆ ಇದ್ದಬದ್ದ ಹೂವನ್ನೆಲ್ಲ ಉದುರಿಸಿ ನಿಂತುಬಿಡುತ್ತದೆ. ಹೋದ ಗುರುವಾರ ಕರಾ-ಚಿಯ್ ಸರದಿ. ಮಧ್ಯಾಹ್ನ ಜುಮಾಲಿ ಎಂಬವನ ಹೊಲಕ್ಕೆ ನೀರು ಬಿಡಬೇಕಾದ ಹೊತ್ತಿಗೆ ಸರಿಯಾಗಿ ಕರಾ-ಚಿಯ್ ತೂಬು ಕೆಳಗಿಳಿಯಿತು. ಒಂದು ತೂಬು ಇಳಿದರೆ ಕಾಲುವೆ ಉಕ್ಕದಿರಲೆಂದು ಪ್ರೋಗ್ರಾಮು ಇನ್ನೊಂದನ್ನು ಏರಿಸುತ್ತದೆ, ಹಾಗಾಗಿ ಸಂಜೆಯವರೆಗೆ ನೀರೆಲ್ಲ ಬೆಶ್-ತೆರೆಕ್ ಕಡೆ ಹೋಯಿತು. ವಾರಕ್ಕೊಮ್ಮೆ ಬರುವ ನೀರು. ಜುಮಾಲಿಯ ಹೊಲದಲ್ಲಿ ಹೂವು ಉದುರಿ ನೆಲ ಬೆಳ್ಳಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತೂಬು ಇಳಿದದ್ದು ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಆದರೆ ಮೋಟಾರಿನಿಂದ ಇಳಿಯಿತೋ, ಕೈಚಕ್ರದಿಂದ ಇಳಿಯಿತೋ ಅದಕ್ಕೆ ಗೊತ್ತಿರಲಿಲ್ಲ. ಕೈಚಕ್ರದ ಹಿಡಿ ಇದ್ದದ್ದು ಒಬ್ಬನ ಬಳಿ ಮಾತ್ರ, ನೀರುಗಂಟಿ ಸಾತಿಬಾಲ್ದಿಯ ಬಳಿ. ಅವನಿಗೆ ಅರವತ್ತಾರು. ಅವನ ಅಪ್ಪನೂ ಇದೇ ಕಾಲುವೆಗೆ ನೀರುಗಂಟಿ. ಸಾತಿಬಾಲ್ದಿಯ ಮಗಳನ್ನು ಕೊಟ್ಟಿದ್ದು ಬೆಶ್-ತೆರೆಕ್‌ಗೆ. ಬೀಗರ ಊರಿನ ಕಡೆ ನೀರು ತಿರುಗಿದರೆ ಜನ ಏನೆನ್ನುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳವಾರ ಸಂಘದ ಕಚೇರಿಯಲ್ಲಿ ಸಭೆ ಸೇರಿತು. ಎರಡೂ ಊರಿನವರು ಎದುರುಬದುರು ಗೋಡೆಗಳಿಗೆ ಬೆನ್ನು ಕೊಟ್ಟು ಕೂತರು. ಮೇಜಿನ ಮೇಲೆ ಚಹಾ, ಬ್ರೆಡ್ಡು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳ, ಬೋರ್ಸೋಕಿನ, ಒಂದು ತಟ್ಟೆ. ಯಾರೂ ಮುಟ್ಟಲಿಲ್ಲ, ಅಂದರೆ ಸಿಟ್ಟು ನಿಜವಾದದ್ದೇ. ಕನಿಶಾಯ್ ಪರದೆಯನ್ನು ಗೋಡೆಯ ಮೇಲೆ ಬೀಳುವ ಹಾಗೆ ಮಾಡಿ ಕರಿ ಕಿಟಕಿ ತೆರೆದಳು.

"ಇದು ಈಗ ಓಡ್ತಾ ಇರೋ ಪ್ರೋಗ್ರಾಮೇ," ಅಂದಳು. "ಮಾರ್ಚಲ್ಲಿ ಮೊದಲ ನೀರು ಬಿಟ್ಟ ದಿನ ಹೊರಟಿದ್ದು, ಇಲ್ಲೀವರೆಗೆ ನಿಂತಿಲ್ಲ. ಕರೆಂಟು ಹೋದ್ರೂ ಬ್ಯಾಟರಿ ಇದೆ. ನಾನು ಏನೂ ಹೇಳಲ್ಲ. ಅದನ್ನೇ ಕೇಳೋಣ."

ಮೊದಲ ನೀರಿನ ದಿನ ಎಲ್ಲರಿಗೂ ನೆನಪಿತ್ತು. ತೂಬಿನ ಬಳಿ ಕುರಿ ಕಡಿದು, ಹಿರಿಯರು ಅಂಗೈ ಚಾಚಿ ಹರಸಿದ ಮೇಲೆ ಸಾತಿಬಾಲ್ದಿಯೇ ಒಳಗೆ ಬಂದು ಬೆರಳಿನಿಂದ ಗುಂಡಿ ಒತ್ತಿದ್ದ. ಅವನ ಬೆರಳಿಗೆ ಅಂಟಿದ್ದ ಕುರಿಯ ಕೊಬ್ಬಿನ ಗುರುತು ಆ ಗುಂಡಿಯ ಮೇಲೆ ಇನ್ನೂ ಇತ್ತು.

ಕನಿಶಾಯ್ ಒಂದು ಸಾಲು ಬರೆದಳು. ನಿಯಮ ಗೋಡೆಯ ಮೇಲೆ ಸಾಲುಸಾಲಾಗಿ ಮೂಡಿತು. ಅವಳು ಎದ್ದು ಹೋಗಿ ಒಂದೊಂದು ಸಾಲನ್ನೂ ಬೆರಳಿಟ್ಟು ಕಿರ್ಗಿಜ್ ಮಾತಿನಲ್ಲಿ ವಿವರಿಸಿದಳು. ಗುರುವಾರದಿಂದ ಶನಿವಾರದವರೆಗೆ ಕರಾ-ಚಿಯ್ ತೂಬು ತೆರೆದಿರಬೇಕು. ನೀರಿನ ಮಟ್ಟ ತೀರ ಇಳಿದರೆ ಮುಚ್ಚಬೇಕು, ಆದರೆ ಅದು ಏಪ್ರಿಲ್ ಮುಗಿಯುವವರೆಗೆ ಮಾತ್ರ. ಯಾಕೆಂದರೆ ಆ ಚಳಿಯಲ್ಲಿ ಕೆಳಗಿನ ಕವಲಿನಲ್ಲಿ ತೆಳ್ಳಗೆ ಹರಿಯುವ ನೀರು ಹೆಪ್ಪುಗಟ್ಟಿ ಕಾಂಕ್ರೀಟು ಸೀಳುತ್ತದೆ. ಜುಲೈಯಲ್ಲಿ ಆ ಮಾತೇ ಇಲ್ಲ.

"ಅಂದ್ರೆ?" ಎಂದ ಜುಮಾಲಿ. ನಲವತ್ತೈದರ ಆಳು. ತಲೆಯ ಮೇಲಿನ ಕಲ್ಪಾಕ್ ಟೋಪಿಯನ್ನು ಹಿಂದೆ ತಳ್ಳಿ ಮುಂದೆ ಬಗ್ಗಿ ಕೂತಿದ್ದ.

"ಅಂದ್ರೆ ಗುರುವಾರ ಮಧ್ಯಾಹ್ನ ಇದು ನಿಮ್ಮ ತೂಬು ಇಳಿಸೋ ಹಾಗಿಲ್ಲ."

"ಕೇಳಿದ್ರಾ? ಯಂತ್ರಕ್ಕೆ ಬೀಗರಿಲ್ಲ!" ಜುಮಾಲಿ ಬೆಶ್-ತೆರೆಕ್ ಗೋಡೆಯ ಕಡೆ ತಿರುಗಿ ಕೂಗಿದ. "ಅದಕ್ಕೆ ಮಗಳೂ ಇಲ್ಲ, ಅಳಿಯನೂ ಇಲ್ಲ!"

ಎಲ್ಲರ ಕಣ್ಣೂ ಸಾತಿಬಾಲ್ದಿಯ ಕಡೆ ತಿರುಗಿತು. ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದ. ಅವನು ಜಗಳಕ್ಕೆ ಏಳುತ್ತಾನೆಂದು ಕನಿಶಾಯ್ ಅಂದುಕೊಂಡಿದ್ದಳು. ಏಳಲಿಲ್ಲ.

"ಅದು ಅಲ್ಲ ಅಂದ್ರೆ ನಾನೇ ಇರ್ಬೇಕು," ಅಂದ.

ಉಲ್ಕಾನ್ ಎಜೆ ಕುರ್ಚಿಯಿಂದ ಅರ್ಧ ಎದ್ದಳು.

"ಏನಂದೆ ಸಾತಿಕೆ?" ಮುದುಕನನ್ನು ಸಲುಗೆಯ ಹೆಸರಿನಿಂದ ಕರೆದ ಅವಳ ಧ್ವನಿ ಮೊದಲ ಬಾರಿಗೆ ಇಳಿಯಿತು.

"ಆವತ್ತು ಊಟ ಮಾಡಿ ಗುಡಿಸಲಲ್ಲಿ ಅಡ್ಡಾದೆ. ಎದ್ದೆ. ಏನು ಮಾಡಿದೆ ಅಂತ... ಅಭ್ಯಾಸದ ಕೈ ನೋಡಿ. ನಿದ್ದೆಗಣ್ಣಲ್ಲಿ ತಿರುಗಿಸಿರ್ಬೇಕು. ನಂಗೆ ನೆನಪಿಲ್ಲ." ಅವನು ಮೇಲಂಗಿಯ ಒಳಗಿನಿಂದ ಕೈಚಕ್ರದ ಹಿಡಿಯನ್ನು ತೆಗೆದು ಮೇಜಿನ ಮೇಲೆ, ಬೋರ್ಸೋಕ್ ತಟ್ಟೆಯ ಪಕ್ಕದಲ್ಲಿಟ್ಟ. "ನಮ್ಮಪ್ಪನಿಗೂ ಕೊನೆಗೆ ಹೀಗೇ ಆಗಿದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಗುತ್ತೇವೆ. ಕದಿಯದವನೂ ಒಮ್ಮೊಮ್ಮೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಆ ಕೋಣೆಯಲ್ಲಿ ಆ ಹೊತ್ತು ಇದನ್ನು ಯಾರೂ ಯೋಚಿಸಲಿಲ್ಲ. ಗೆದ್ದ ಜುಮಾಲಿಯ ಮುಖ ಕೂಡ ಪೆಚ್ಚಾಯಿತು. ಮುದುಕನ ಅಪ್ಪ ಕೊನೆಗಾಲದಲ್ಲಿ ಚಳಿಗಾಲದ ನಡುವೆ ತೂಬು ತೆರೆಯಲು ಬರಿಗಾಲಲ್ಲಿ ಹೋಗುತ್ತಿದ್ದುದು, ಮನೆಯವರು ಹಿಂದೆ ಓಡುತ್ತಿದ್ದುದು ಎರಡೂ ಊರಿಗೆ ಗೊತ್ತಿತ್ತು. ಜನ ಸದ್ದಿಲ್ಲದೆ ಎದ್ದು ಹೋದರು.

ಕನಿಶಾಯ್ ಆ ದಿನ ಉಲ್ಕಾನ್ ಎಜೆಯ ಮನೆಯಲ್ಲೇ ಉಳಿದಳು. ಸತ್ಯ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹೆಮ್ಮೆ. ಗದ್ದಲವಿಲ್ಲದೆ, ಯಾರ ಪರವೂ ವಹಿಸದೆ, ತನ್ನ ಪ್ರೋಗ್ರಾಮಿನ ಬಾಯಿಂದಲೇ ನ್ಯಾಯ ಹೇಳಿಸಿದ್ದಳು. ಮುದುಕನ ಮುಖ ನೆನಪಾದಾಗ ಮಾತ್ರ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟಳು. ಪಾಪ, ವಯಸ್ಸು ಎಂದು ಸಮಾಧಾನ ಮಾಡಿಕೊಂಡಳು.

ಬೆಳಿಗ್ಗೆ ಉಲ್ಕಾನ್ ಎಜೆ ಅವಳ ಕೈಗೆ ದಪ್ಪ ಕಾಗದವನ್ನೂ ಬಣ್ಣದ ಪೆನ್ನನ್ನೂ ಕೊಟ್ಟಳು.

"ಆ ನಿಯಮಾನ ನಮ್ಮ ಮಾತಲ್ಲಿ ದೊಡ್ಡಕ್ಷರದಲ್ಲಿ ಬರ್ಕೊಡು. ಬಾಗಿಲಿಗೆ ಹೊಡೀತೀನಿ. ಇನ್ಮೇಲೆ ಯಾವನಾದ್ರೂ 'ಯಂತ್ರ ಮಾಡ್ತು' ಅಂತ ಬಂದ್ರೆ ಮೂಗು ಹಿಡಿದು ಓದಿಸ್ತೀನಿ."

ಕಚೇರಿಯಲ್ಲಿ ಯಾರೂ ಇರಲಿಲ್ಲ. ಕಿಟಕಿಯಾಚೆ ಪೋಪ್ಲರ್ ಮರಗಳು, ಅದರಾಚೆ ಕಾಲುವೆಯ ಮೊರೆತ. ಕನಿಶಾಯ್ ಕರಿ ಕಿಟಕಿ ತೆರೆದು ನಿನ್ನೆಯದೇ ಸಾಲು ಬರೆದಳು. ನಿಯಮ ಬಂತು. ನಿನ್ನೆ ಜನರ ಮುಂದೆ ಓದುವಾಗ ಅವಳು ನಿಯಮದ ಸಾಲುಗಳನ್ನಷ್ಟೇ ಓದಿದ್ದಳು. ಇಂದು ಬರೆದುಕೊಳ್ಳಬೇಕಾಗಿದ್ದರಿಂದ ಮೇಲಿನಿಂದ ಒಂದೊಂದೇ ಸಾಲು ನೋಡುತ್ತ ಬಂದಳು. ಚಳಿಯ ನಿಯಮದ ಪಕ್ಕದಲ್ಲಿ ತನಗೆ ತಾನೇ ಬರೆದುಕೊಂಡಿದ್ದ ಟಿಪ್ಪಣಿಯೊಂದಿತ್ತು: 'ಚಳಿ ಮುಗಿಯಿತು. ಈ ಸಾಲು ಇನ್ನು ಏಪ್ರಿಲ್‌ವರೆಗೆ ಮಾತ್ರ. ಮೇ 11.'

ಅವಳ ಪೆನ್ನು ನಿಂತಿತು.

ಮೇ ತಿಂಗಳಲ್ಲಿ ಬರೆದದ್ದು. ಪ್ರೋಗ್ರಾಮ್ ಹೊರಟದ್ದು ಮಾರ್ಚಿನಲ್ಲಿ, ಕುರಿ ಕಡಿದ ದಿನ. ಅಲ್ಲಿಂದ ನಿಂತಿಲ್ಲ. ಮಾರ್ಚಿನಲ್ಲಿ ಮನೆ ಬಿಟ್ಟು ಹೊರಟವನ ಜೇಬಿನಲ್ಲಿ ಮೇ ತಿಂಗಳ ಚೀಟಿ ಹೇಗೆ ಬಂತು?

ಬಂದದ್ದು ಹೇಗೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕಣಿವೆಯಲ್ಲಿ ಇರಲಿಲ್ಲ. ಪ್ರೋಗ್ರಾಮ್ ಹೊರಡುವಾಗ ಫೈಲಿನಲ್ಲಿರುವ ನಿಯಮವನ್ನೆಲ್ಲ ಒಮ್ಮೆ ಓದಿ ತಲೆಗೆ ತುಂಬಿಕೊಳ್ಳುತ್ತದೆ. ಆಮೇಲೆ ನಡೆಯುವುದು ತಲೆಯಲ್ಲಿದ್ದುದರ ಪ್ರಕಾರ. ಆದರೆ ನಿನ್ನ ನಿಯಮ ತೋರಿಸು ಎಂದರೆ ಅದು ತಲೆ ಬಿಚ್ಚಿ ತೋರಿಸುವುದಿಲ್ಲ. ತಲೆಗೆ ಹೋದ ಮೇಲೆ ಆ ನಿಯಮ ಮನುಷ್ಯರು ಓದುವ ಅಕ್ಷರದಲ್ಲಿ ಉಳಿದಿರುವುದೂ ಇಲ್ಲ. ಹಾಗಾಗಿ ಅದು ಮತ್ತೆ ಫೈಲನ್ನು ತೆರೆದು ಅಲ್ಲಿ ಈಗ ಏನಿದೆಯೋ ಅದನ್ನು ಓದಿ ಒಪ್ಪಿಸುತ್ತದೆ. ನಡುವೆ ಯಾರಾದರೂ ಫೈಲನ್ನು ತಿದ್ದಿದ್ದರೆ ತಿದ್ದಿದ್ದನ್ನೇ ತನ್ನದೆಂಬಂತೆ ಓದುತ್ತದೆ. ಇದು ಈ ಕಸುಬಿನ ಮಕ್ಕಳ ಪಾಠ. ಕನಿಶಾಯ್ ತಾನೇ ಇನ್ನೊಬ್ಬರಿಗೆ ಹೇಳಿಕೊಟ್ಟ ಪಾಠ. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತು.

ಮೇ ತಿಂಗಳ ಆ ದಿನ ಅವಳಿಗೆ ಈಗ ಸ್ಪಷ್ಟವಾಗಿ ನೆನಪಾಯಿತು. ಪಟ್ಟಣದ ತನ್ನ ಮನೆಯಿಂದಲೇ ಫೈಲನ್ನು ತಿದ್ದಿ ಉಳಿಸಿದ್ದಳು. ಅದಕ್ಕೆ ಮೊದಲು ಚಳಿಯ ಸಾಲಿಗೆ ತಿಂಗಳ ಮಿತಿಯೇ ಇರಲಿಲ್ಲ. ತಿದ್ದಿದ್ದು ತಲೆಗೆ ಹೋಗಬೇಕಾದರೆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಹೊರಡಿಸಬೇಕು. ನಿಲ್ಲಿಸಿದರೆ ಎರಡೂ ತೂಬು ಇಳಿಯುತ್ತವೆ, ಯಾರದೋ ಸರದಿಯ ನೀರು ಕಡಿಯುತ್ತದೆ. ಬಿತ್ತನೆಯ ನೀರು ಮುಗಿಯಲಿ, ಆಮೇಲೆ ಸಾತಿಬಾಲ್ದಿಯನ್ನು ಕೇಳಿ ಮಾಡೋಣ ಎಂದುಕೊಂಡಿದ್ದಳು. ಆಮೇಲೆ ತಮ್ಮನ ಮದುವೆ ಬಂತು. ಹಿಮ ಕರಗಿ ಕಾಲುವೆ ತುಂಬಿ ಹರಿಯುತ್ತಿದ್ದುದರಿಂದ ಹಳೆಯ ನಿಯಮ ಯಾರ ಕಣ್ಣಿಗೂ ಬೀಳಲಿಲ್ಲ. ಹೋದ ಗುರುವಾರ ಬೆಟ್ಟದ ಮೇಲೆ ಮೋಡ ಕವಿದು, ಹಿಮ ಕರಗದೆ, ಅರ್ಧ ದಿನ ನೀರು ಇಳಿದಿತ್ತು.

ಆದರೂ ಕೈ ತಾನಾಗಿ ಕೀಲಿಮಣೆಯ ಮೇಲೆ ಹೋಯಿತು. ಈ ಸಲ ಅವಳು ನಿಯಮ ತೋರಿಸು ಎಂದು ಕೇಳಲಿಲ್ಲ. ಗುರುವಾರದ ತಾರೀಖು, ಆ ಮಧ್ಯಾಹ್ನದ ನೀರಿನ ಮಟ್ಟ ಎರಡನ್ನೂ ಕೊಟ್ಟು, ಹೀಗಿದ್ದರೆ ಕರಾ-ಚಿಯ್ ತೂಬನ್ನು ಏನು ಮಾಡುತ್ತೀ ಎಂದು ಕೇಳಿದಳು.

ಕೆಳಗಿನ ಸಾಲಿನಲ್ಲಿ ಉತ್ತರ ಬಂತು: ಮುಚ್ಚು.

ಮೇಲೆ 'ಜುಲೈಯಲ್ಲಿ ಮುಚ್ಚಬಾರದು' ಎಂಬ ನಿಯಮ, ಕೆಳಗೆ 'ಮುಚ್ಚು' ಎಂಬ ಉತ್ತರ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಕನಿಶಾಯ್‌ಗೆ ನಗು ಬರಲಿಲ್ಲ. ತಾರೀಖನ್ನೂ ಮಟ್ಟವನ್ನೂ ಮತ್ತೊಮ್ಮೆ ತಾಳೆ ನೋಡಿದಳು.

ಆಮೇಲೆ ಬಂದ ಯೋಚನೆ ಒಳ್ಳೆಯದಲ್ಲ. ಬಂದದ್ದಂತೂ ನಿಜ. ಯಾರಿಗೂ ಹೇಳದೆ ಈಗಲೇ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಹೊರಡಿಸಿದರಾಯಿತು. ಹೇಳುವುದೂ ಮಾಡುವುದೂ ಒಂದಾಗುತ್ತದೆ. ಇನ್ನು ಮುಂದೆ ತಪ್ಪು ಆಗುವುದಿಲ್ಲ, ಆದದ್ದು ಯಾರಿಗೂ ತಿಳಿಯುವುದಿಲ್ಲ. ಮುದುಕ ತಾನೇ ಒಪ್ಪಿಕೊಂಡಿದ್ದಾನೆ. ಸುತ್ತಲಿನ ನಾಲ್ಕು ಕಾಲುವೆಗಳವರು ಇವಳ ಪ್ರೋಗ್ರಾಮ್ ಬೇಕೆಂದು ಕೇಳುತ್ತಿದ್ದಾರೆ. ಹೀಗೆಲ್ಲ ಯೋಚಿಸುತ್ತ ಇದ್ದವಳಿಗೆ, ನಮ್ಮಪ್ಪನಿಗೂ ಕೊನೆಗೆ ಹೀಗೇ ಆಗಿದ್ದು ಎಂದ ಧ್ವನಿ ಕೇಳಿಸಿತು. ಅವನು ನೀರುಗಂಟಿಯ ಕೆಲಸವನ್ನಷ್ಟೇ ಕಳೆದುಕೊಂಡಿರಲಿಲ್ಲ. ತನ್ನ ತಲೆಯ ಮೇಲಿನ ನಂಬಿಕೆಯನ್ನೇ ಬೋರ್ಸೋಕ್ ತಟ್ಟೆಯ ಪಕ್ಕದಲ್ಲಿಟ್ಟು ಹೋಗಿದ್ದ. ಅವಳು ಪೆನ್ನಿನ ಮುಚ್ಚಳ ಹಾಕಿ ಎದ್ದಳು.

ಸಾತಿಬಾಲ್ದಿಯ ಮನೆ ಕಾಲುವೆಯ ಏರಿಯ ಕೆಳಗೇ ಇತ್ತು. ಅಂಗಳದ ಏಪ್ರಿಕಾಟ್ ಮರದ ಕೆಳಗೆ ಅವನೂ ಅವನ ಹೆಂಡತಿ ಬುರುಲ್ ಅಪಾಳೂ ಮಂಚದ ಮೇಲೆ ಕೂತಿದ್ದರು. ಬುರುಲ್ ಅಪಾ ಉಣ್ಣೆ ಬಿಡಿಸುತ್ತ ಗಂಡನನ್ನು ಪ್ರಶ್ನೆ ಕೇಳುತ್ತಿದ್ದಳು.

"ದೊಡ್ಡವಳ ಮೂರನೇ ಮಗು ಹೆಸರೇನು?"

"ಗೊತ್ತಿದೆ ಮಾರಾಯ್ತಿ. ಬಾಯ್ಸಲ್."

"ಅದಕ್ಕೆ ಹಲ್ಲು ಬಂದಿದ್ದು ಯಾವಾಗ?"

"ಅದು ನಂಗೆ ಯಾವತ್ತೂ ಗೊತ್ತಿರ್ಲಿಲ್ಲ! ಗೊತ್ತಿಲ್ದೇ ಇರೋದ್ನ ಮರೆಯೋದು ಹೇಗೆ?"

"ಹಾಗಾದ್ರೆ ಕಾಲುವೆ ಹೇಳು. ತಲೆಯಿಂದ ಬಾಲದವರೆಗೆ, ಒಂದೂ ಬಿಡದ ಹಾಗೆ."

ಮುದುಕ ಕಣ್ಣು ಮುಚ್ಚಿ ಒಂದೊಂದೇ ಕಿರುಗಾಲುವೆಯ ಹೆಸರು ಹೇಳತೊಡಗಿದ. ಬುರುಲ್ ಅಪಾ ತುಟಿಯಲ್ಲೇ ಅವನ ಜೊತೆ ಹೇಳುತ್ತಿದ್ದಳು. ಕನಿಶಾಯ್ ಗೇಟಿನ ಬಳಿ ನಿಂತು ಆ ಪಾಠ ಮುಗಿಯುವವರೆಗೆ ಕಾದಳು. ಅವನು ಒಂದೂ ತಪ್ಪಲಿಲ್ಲ. ತಪ್ಪಲಿಲ್ಲವೆಂದು ಅವನಿಗೆ ಧೈರ್ಯವೂ ಬರಲಿಲ್ಲ. ಅದನ್ನು ನೋಡಿ ಅವಳಿಗೆ ಅಳು ಬಂತು.

"ಆಬಾ," ಎಂದು ಊರ ಹಿರಿಯರನ್ನು ಕರೆಯುವ ಹಾಗೆ ಕರೆದಳು.

"ಬಾ ಮಗಳೇ, ಬಾ. ಚಹಾ ಹಾಕು ಬುರುಲ್."

"ಚಹಾ ಬೇಡ. ಮೊದಲು ನಾನು ಹೇಳೋದು ಕೇಳಿ. ಆಮೇಲೆ ಚಹಾ ಕೊಡ್ತೀರೋ, ನಾಯಿ ಬಿಡ್ತೀರೋ ನಿಮ್ಮಿಷ್ಟ." ಅವಳು ನಿಂತೇ ಹೇಳಿದಳು. "ತೂಬು ಇಳಿಸಿದ್ದು ನೀವಲ್ಲ. ನನ್ನ ಪ್ರೋಗ್ರಾಮು."

ಸಾತಿಬಾಲ್ದಿ ಕೈಯನ್ನು ಕಿವಿಯ ಹಿಂದಿಟ್ಟುಕೊಂಡ. ಕಿವಿ ಚೆನ್ನಾಗಿಯೇ ಇತ್ತು. "ಇನ್ನೊಂದ್ಸಲ ಹೇಳು."

"ನೀವಲ್ಲ ಆಬಾ. ನಿನ್ನೆ ಗೋಡೆ ಮೇಲೆ ನಾನು ತೋರ್ಸಿದ್ದು ಅದರ ತಲೇಲಿರೋ ನಿಯಮ ಅಲ್ಲ. ನಾನು ಮೇ ತಿಂಗಳಲ್ಲಿ ತಿದ್ದಿ ಬರೆದಿಟ್ಟ ನಿಯಮ. ಅದು ಆ ಬರಹಾನ ಓದಿ ಹೇಳ್ತು ಅಷ್ಟೆ. ಅದರ ತಲೇಲಿ ಇನ್ನೂ ಮಾರ್ಚ್ ನಿಯಮಾನೇ ಇದೆ. ನೀರು ಇಳೀತು, ಚಳಿಗಾಲ ಅಂದ್ಕೊಂಡು ಮುಚ್ತು. ತಿದ್ದಿದ್ಮೇಲೆ ಒಂದ್ಸಲ ನಿಲ್ಲಿಸಿ ಹೊರಡಿಸ್ಬೇಕಿತ್ತು. ಮರೆತೆ. ಮರೆತೋಳು ನಾನು."

ಉಣ್ಣೆ ಬಿಡಿಸುತ್ತಿದ್ದ ಕೈ ನಿಂತಿತು. ಮರದಿಂದ ಒಂದು ಏಪ್ರಿಕಾಟ್ ಬಿದ್ದು ಮಂಚದ ಕೆಳಗೆ ಉರುಳಿತು.

"ಅಂದ್ರೆ ನಂಗೆ..." ಮುದುಕ ತನ್ನ ತಲೆಯನ್ನು ಬೆರಳಿನಿಂದ ಮುಟ್ಟಿದ.

"ನಿಮ್ಮ ತಲೆಗೆ ಏನೂ ಆಗಿಲ್ಲ ಆಬಾ. ಎದ್ದು ಮುಖ ತೊಳ್ಕೊಂಡಿರ್ತೀರಿ ಅಷ್ಟೆ. ಮಾಡದೇ ಇರೋದು ನೆನಪಿಗೆ ಬರೋದು ಹೇಗೆ?"

ಮೊದಲು ಬಾಯಿ ಬಿಟ್ಟವಳು ಬುರುಲ್ ಅಪಾ. ಅತ್ತಳೋ ಬೈದಳೋ, ಎರಡೂ ಒಟ್ಟಿಗೇ. "ನಿನ್ನೆ ಇಡೀ ರಾತ್ರಿ ಬಾಗಿಲಿಗೆ ಅಡ್ಡ ಮಲಗಿದೀನಿ ಕಣೇ, ಈ ಮುದುಕಪ್ಪ ಅವರಪ್ಪನ ಹಾಗೆ ಎದ್ದು ಹೋಗ್ತಾನೆ ಅಂತ! ನನ್ನ ಸೊಂಟ ನೋಡು! ಒಲೆ ಹಚ್ಚಿ ಮರೀತಾನೆ ಅಂತ ಗ್ಯಾಸ್ ಒಲೆಯ ತಿರುಪು ಕಿತ್ತು ಬಚ್ಚಿಟ್ಟೆ. ಎಲ್ಲಿ ಬಚ್ಚಿಟ್ಟೆ ಅಂತ ನಂಗೇ ಈಗ ನೆನಪಿಲ್ಲ!"

ಸಾತಿಬಾಲ್ದಿ ನಗಲಿಲ್ಲ. ಅವನ ಮುಖ ನಿಧಾನವಾಗಿ ಕೆಂಪಾಯಿತು. ನಿನ್ನೆ ಬರಬೇಕಾಗಿದ್ದ ಸಿಟ್ಟು ಇಂದು ಬಂತು.

"ಮಗಳೇ, ನೀನು ನನ್ನ ಬಾಯಿಂದಲೇ ನನ್ನ ಮೇಲೆ ಸುಳ್ಳು ಹೇಳ್ಸಿದೆ."

"ಹೌದು ಆಬಾ."

"ಎರಡು ಊರಿನ ಮುಂದೆ."

"ಹೌದು."

"ಇಲ್ಲಿ ಏಪ್ರಿಕಾಟ್ ಮರಕ್ಕೆ ಹೇಳಿದ್ರೆ ಸಾಲ್ದು."

"ಸಾಯಂಕಾಲ ಎಲ್ರನ್ನೂ ಕರೀತೀನಿ," ಅಂದಳು ಕನಿಶಾಯ್. "ಅಲ್ಲೇ ಹೇಳ್ತೀನಿ. ಇದೇ ಮಾತಲ್ಲಿ."

ಚಹಾ ಕೊಟ್ಟರು. ನಾಯಿ ಬಿಡಲಿಲ್ಲ.

ಸಂಜೆಯ ಇನ್ನೂ ಇಳಿಯದ ಬಿಸಿಲಿನಲ್ಲಿ ಜನ ಮತ್ತೆ ಸೇರಿದರು. ಕಚೇರಿ ಸಾಲದೆ ಕಾಲುವೆಯ ಏರಿಯ ಮೇಲೂ ನಿಂತರು. ಕನಿಶಾಯ್ ಎತ್ತರದ ಮೆಟ್ಟಿಲ ಮೇಲೆ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಮೇ ತಿಂಗಳಲ್ಲಿ ತಿದ್ದಿದ್ದು, ಹೊರಡಿಸಲು ಮರೆತದ್ದು, ಮಂಗಳವಾರ ಬರಹ ತೋರಿಸಿ ಇದೇ ಸತ್ಯ ಎಂದದ್ದು. ಸುತ್ತಿ ಬಳಸಲಿಲ್ಲ. ತಾನೂ ಮೋಸಹೋದೆ ಎಂದು ಒಂದು ಕಡೆಯೂ ಹೇಳಲಿಲ್ಲ, ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು.

"ಸರಿ ಹೋಯ್ತು," ಎಂದ ಬೆಶ್-ತೆರೆಕ್‌ನ ಒಬ್ಬ. "ಪಟ್ಟಣದ ಹುಡುಗಿ ಪೆಟ್ಟಿಗೆಗೆ ಓದೋದು ಕಲಿಸಿದ್ಲು, ತಾನು ಬರೆದಿದ್ದು ತಾನೇ ಮರೆತ್ಲು."

ಜನ ನಕ್ಕರು. ಕನಿಶಾಯ್ ಕಿವಿಯವರೆಗೆ ಕೆಂಪಾಗಿ ತಲೆಯಾಡಿಸಿದಳು.

"ನಗ್ರಿ, ನಗ್ರಿ," ಎಂದ ಜುಮಾಲಿ. "ಉದುರಿದ ಹೂವು ಯಾರು ಅಂಟಿಸ್ಕೊಡ್ತೀರಿ?"

"ನಿನ್ನ ಹೂವಿನ ಮಾತು ಸಂಘದಲ್ಲಿ ಆಡೋಣ. ಬಾಯಿ ಮುಚ್ಕೊಂಡು ಈ ಕೆಲಸ ಮುಗಿಯಕ್ಕೆ ಬಿಡು," ಎಂದಳು ಉಲ್ಕಾನ್ ಎಜೆ.

ಕನಿಶಾಯ್ ಮೊದಲು ಎಲ್ಲರೆದುರೂ ಗುರುವಾರದ ಲೆಕ್ಕ ಕೊಟ್ಟು ಕೇಳಿದಳು, 'ಮುಚ್ಚು' ಎಂದೇ ಬಂತು. ಆಮೇಲೆ ಪ್ರೋಗ್ರಾಮನ್ನು ನಿಲ್ಲಿಸಿದಳು. ತೆರೆದಿದ್ದ ತೂಬು ಗರಗರನೆ ಇಳಿಯಿತು. ಮಾರ್ಚಿನಿಂದ ಕೇಳಿಸುತ್ತಿದ್ದ ಮೊರೆತ ನಿಂತು ಏರಿಯ ಮೇಲೆ ಸೊಳ್ಳೆಯ ಸದ್ದು ಕೇಳಿಸಿತು. ಅವಳು ಮತ್ತೆ ಹೊರಡಿಸಿದಳು. ಕಿಟಕಿ ತೆರೆದು ಗುರುವಾರದ ತಾರೀಖು, ಗುರುವಾರದ ನೀರಿನ ಮಟ್ಟ ಕೊಟ್ಟು, ಏನು ಮಾಡುತ್ತೀ ಎಂದು ಕೇಳಿದಳು. ಈ ಸಲ 'ತೆರೆದಿಡು' ಎಂದು ಬಂತು. ಹೊರಗೆ ಆ ದಿನದ ಸರದಿಯ ತೂಬು ಮೇಲೆದ್ದಿತು, ನೀರು ನುಗ್ಗಿತು. ಯಾರೋ ಸದ್ಯ ಎಂದರು.

ಉಲ್ಕಾನ್ ಎಜೆ ಕೈಚಕ್ರದ ಹಿಡಿಯನ್ನು ತಂದು ಸಾತಿಬಾಲ್ದಿಯ ಮುಂದೆ ಹಿಡಿದಳು. "ತಗೋ ಸಾತಿಕೆ. ಆಯ್ತಲ್ಲ. ನೀನಲ್ಲ ಅಂತ ಯಂತ್ರಾನೇ ಹೇಳ್ತು."

ಅವನು ಕೈ ಚಾಚಲಿಲ್ಲ.

"ನಿನ್ನೆ ಯಂತ್ರ 'ಇಳಿಸಿದ್ದು ನಾನಲ್ಲ' ಅಂತು, ನೀವು ನಂಬಿದ್ರಿ. ನಾನೂ ನಂಬ್ದೆ," ಎಂದ. ಮಾತು ನಿಧಾನವಾಗಿತ್ತು, ಸಿಟ್ಟಿರಲಿಲ್ಲ. "ಇವತ್ತು 'ಇಳಿಸಿದ್ದು ನಾನೇ' ಅಂತು. ಮತ್ತೆ ನಂಬ್ತಿದೀರಿ. ನಾಳೆ ಅದು ಇನ್ನೊಂದು ಹೇಳಿದ್ರೆ ನಾನು ಮತ್ತೆ ಬುರುಲ್ ಮುಂದೆ ಕೂತು ಮೊಮ್ಮಕ್ಕಳ ಹೆಸರು ಒಪ್ಪಿಸ್ಬೇಕಾ? ಇಷ್ಟು ಜನ ಇದೀರಿ. ಅದನ್ನ ಕೇಳಿದ್ರಿ. ನನ್ನ ಯಾರಾದ್ರೂ ಒಬ್ರು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಬೈದಿದ್ದರು, ಪಿಸುಗುಟ್ಟಿದ್ದರು, ಕೊನೆಗೆ ಮರುಕವನ್ನೂ ಪಟ್ಟಿದ್ದರು. ಕನಿಶಾಯ್ ಕಂಪ್ಯೂಟರಿನ ಮುಂದೆ ಕೂತು ಎಷ್ಟು ಬಗೆಯಲ್ಲಿ ಕೇಳಬಹುದೋ ಅಷ್ಟೂ ಬಗೆಯಲ್ಲಿ ಕೇಳಿದ್ದಳು. ಬಾಗಿಲ ಪಕ್ಕದ ಸ್ಟೂಲಿನವರೆಗೆ ಹೋಗಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಮೆಟ್ಟಿಲ ಮೇಲೆ ತಪ್ಪೊಪ್ಪಿಕೊಂಡಾಗ ಆದದ್ದಕ್ಕಿಂತ ಹೆಚ್ಚು.

"ಜುಮಾಲಿ, ಹೂವು ಉದುರಿದ್ದು ನಿಂದು. ನೀನೇ ಕೇಳು," ಎಂದ ಮುದುಕ.

ಜುಮಾಲಿ ಅತ್ತಿತ್ತ ನೋಡಿದ. ಕಲ್ಪಾಕ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆಬಾ," ಎಂದು ಗಂಟಲು ಸರಿಮಾಡಿಕೊಂಡ. "ಆ ಗುರುವಾರ ಮಧ್ಯಾಹ್ನ ನಮ್ಮ ತೂಬನ್ನ ನೀವು ಇಳಿಸಿದ್ರಾ?"

ಸಾತಿಬಾಲ್ದಿಯ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಆ ಮಧ್ಯಾಹ್ನವನ್ನು ಊಟದಿಂದ ಹಿಡಿದು ಒಂದೊಂದೇ ಹೆಜ್ಜೆ ನಡೆದು ನೋಡುತ್ತಿದ್ದಾನೆ, ಗುಡಿಸಲಿನೊಳಗೆ ಹೋಗಿ ಮಲಗಿ ಎದ್ದು ಬರುತ್ತಿದ್ದಾನೆ ಎಂದು ಕನಿಶಾಯ್‌ಗೆ ತಿಳಿಯಿತು. ಅವನು ಅವಳ ಕಡೆ ನೋಡಲಿಲ್ಲ, ಗೋಡೆಯ ಕಡೆಯೂ ನೋಡಲಿಲ್ಲ.

"ಇಲ್ಲ," ಎಂದ.

"ಸರಿ ಆಬಾ," ಎಂದ ಜುಮಾಲಿ. "ನಾಳೆ ಬೆಳಿಗ್ಗೆ ನಮ್ಮ ಸರದಿ. ಬೇಗ ಬನ್ನಿ."